ನಡೆದರೆ ನೋವಿಲ್ಲ, ಓಡಿದರೆ ಮತ್ತೆ ಸೆಳೆತ: ಮೀನಖಂಡದ ಗಾಯ ಏಕೆ ಮರುಕಳಿಸುತ್ತದೆ?

ಪ್ರಶ್ನೆ: ನನಗೆ 34 ವರ್ಷ. ಫುಟ್‌ಬಾಲ್ ಕ್ಲಬ್ ತಂಡವೊಂದರಲ್ಲಿ ಮಿಡ್‌ಫೀಲ್ಡರ್. ವಾರಕ್ಕೆ ಎರಡು ದಿನ ಅಭ್ಯಾಸ, ಒಂದು ಪಂದ್ಯ. ಎರಡೂವರೆ ತಿಂಗಳ ಹಿಂದೆ ದ್ವಿತೀಯಾರ್ಧದಲ್ಲಿ ಚೆಂಡಿನ ಹಿಂದೆ ಓಟ ಕಿತ್ತಾಗ ಬಲಗಾಲಿನ ಮೀನಖಂಡಕ್ಕೆ ಯಾರೋ ಹಿಂದಿನಿಂದ ಒದ್ದಂತಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಎರಡು ದಿನದಲ್ಲಿ ಒಳಮಗ್ಗುಲು ನೀಲಿಗಟ್ಟಿತು. ಶಾಖ ಕೊಟ್ಟೆ, ಚೆನ್ನಾಗಿ ತಿಕ್ಕಿಸಿಕೊಂಡೆ, ಎರಡು ವಾರ ಆಟ ಬಿಟ್ಟೆ. ನಡೆಯುವಾಗ ನೋವು ಪೂರ್ತಿ ಹೋದ ಮೇಲೆ ಪಂದ್ಯಕ್ಕಿಳಿದರೆ ಹದಿನೈದೇ ನಿಮಿಷಕ್ಕೆ ಅದೇ ಜಾಗದಲ್ಲಿ ಮತ್ತೆ ಸೆಳೆಯಿತು. ಆಮೇಲೆ ಒಂದು ತಿಂಗಳು ಸುಮ್ಮನಿದ್ದೆ. ಈಗ ನಿಧಾನವಾಗಿ ಜಾಗಿಂಗ್ ಶುರು ಮಾಡಿದ್ದೇನೆ. ಮೊದಲಿನಂತೆ ಚುಚ್ಚುವುದಿಲ್ಲ, ಆದರೆ ಹತ್ತು ನಿಮಿಷ ಓಡಿದ ಮೇಲೆ ಸ್ವಲ್ಪ ಕೆಳಗೆ, ಆಳದಲ್ಲಿ ಬಿಗಿ ಹಿಡಿಯುತ್ತದೆ. ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಗೊತ್ತಾಗುತ್ತದೆ. ನೀರು, ಉಪ್ಪು ಕಡಿಮೆಯಾಗಿ ಬರುವ ಸೆಳೆತ ಎಂದು ಒಬ್ಬರು, ಸ್ಟ್ರೆಚಿಂಗ್ ಸಾಲದು ಎಂದು ಇನ್ನೊಬ್ಬರು, ಒಂದು ಇಂಜೆಕ್ಷನ್ ತೆಗೆದುಕೊಂಡುಬಿಡು ಎಂದು ಮತ್ತೊಬ್ಬರು ಹೇಳುತ್ತಾರೆ. ಎಂಆರ್‌ಐ ಮಾಡಿಸಬೇಕೇ? ಇನ್ನೆಷ್ಟು ವಾರ ಬೇಕು? ಈ ವಯಸ್ಸಿನಲ್ಲಿ ಮೊದಲಿನಂತೆ ಆಡಲು ಸಾಧ್ಯವೇ?

ಉತ್ತರ: ಪ್ರಶ್ನೆಗಳು ಹಲವಾದರೂ ನಿಮ್ಮ ಚಿಂತೆ ಒಂದೇ. ನೋವು ಹೋಗುವವರೆಗೆ ಕಾದರೂ ಗಾಯ ಮರುಕಳಿಸಿತು, ಹಾಗಾದರೆ ಇನ್ನು ಯಾವುದನ್ನು ನಂಬಿ ಮೈದಾನಕ್ಕಿಳಿಯುವುದು? ನಡೆಯುವಾಗ ನೋವಿಲ್ಲ ಎಂಬುದು ಮೀನಖಂಡ ವಾಸಿಯಾದ ಗುರುತಲ್ಲ. ಒಂಟಿ ಕಾಲಿನಲ್ಲಿ ತುದಿಗಾಲೇರುವ ಮತ್ತು ಕುಪ್ಪಳಿಸುವ ಶಕ್ತಿ ಎಡಗಾಲಿನಷ್ಟೇ ಬಲಗಾಲಿಗೂ ಬಂದಿದೆಯೇ ಎಂಬುದನ್ನು ನೋಡಬೇಕು. ಇನ್ನೊಂದು ಮಾತು. ನಿಮ್ಮ ವಿವರಣೆ ನೋಡಿದರೆ ಈಗ ಕಾಡುತ್ತಿರುವುದು ಮೊದಲು ಹರಿದ ಸ್ನಾಯುವಲ್ಲ, ಬಹುಶಃ ಅದರ ಅಡಿಯಲ್ಲಿರುವ ಬೇರೊಂದು ಸ್ನಾಯು.

ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಚರ್ಮದ ಕೆಳಗೆ ಉಬ್ಬಿ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್. ಅದು ಮಂಡಿಯ ಮೇಲೆ ತೊಡೆಮೂಳೆಯಿಂದ ಎರಡು ಕವಲಾಗಿ ಹೊರಡುತ್ತದೆ. ಅದರಡಿ ಚಪ್ಪಟೆಯಾಗಿ, ಅಗಲವಾಗಿ ಹರಡಿರುವುದು ಸೋಲಿಯಸ್. ಅದು ಹುಟ್ಟುವುದು ಮಂಡಿಯ ಕೆಳಗಿನ ಮೂಳೆಗಳಿಂದ. ಎರಡೂ ಸೇರಿ ಅಕಿಲಿಸ್ ಸ್ನಾಯುರಜ್ಜುವಾಗಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ಮೇಲಿನ ಸ್ನಾಯು ಮಂಡಿಯನ್ನೂ ಪಾದದ ಕೀಲನ್ನೂ ದಾಟುತ್ತದೆ. ಹಾಗಾಗಿ ಕಾಲು ಹಿಂದೆ ಊರಿ ಮಂಡಿ ಥಟ್ಟನೆ ನೇರವಾದಾಗ ಅದು ಎರಡೂ ತುದಿಯಿಂದ ಎಳೆಸಿಕೊಳ್ಳುತ್ತಲೇ ಬಿಗಿಯಾಗಬೇಕಾಗುತ್ತದೆ. ನೀವು ಚೆಂಡಿನ ಹಿಂದೆ ಓಟ ಕಿತ್ತ ಮೊದಲ ಹೆಜ್ಜೆ ಅಂಥದ್ದು. ಒಳಮಗ್ಗುಲಿನ ಕವಲು ರಜ್ಜುವಿಗೆ ಕೂಡುವ ಜಾಗದಲ್ಲಿ ಎಳೆಗಳು ಹರಿಯುವುದು ಇಂಥ ಗಳಿಗೆಯಲ್ಲೇ. ಒದ್ದಂತಾಗುವುದು, ಎರಡು ದಿನಕ್ಕೆ ನೀಲಿಗಟ್ಟುವುದು ಅದರದೇ ಲಕ್ಷಣ.

ಸೋಲಿಯಸ್ ಗಾಯದ ನಡತೆ ಬೇರೆ. ಹರಿದ ಕ್ಷಣ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಬಣ್ಣ ಬದಲಾಗುವುದು, ಬಾವು ಬರುವುದು ಕಡಿಮೆ. ಓಡುತ್ತಾ ಓಡುತ್ತಾ ಬಿಗಿ ಏರುತ್ತದೆ, ನಿಂತರೆ ಸಡಿಲವಾಗುತ್ತದೆ, ಮರುದಿನ ಬೆಳಿಗ್ಗೆ ಕಾಡುತ್ತದೆ. ಈ ಕಾರಣಕ್ಕೇ ಅದನ್ನು "ನರ ಹಿಡಿದಿದೆ", "ಸೆಳೆತ" ಎಂದು ತಳ್ಳಿಹಾಕುವುದು ಹೆಚ್ಚು. ಓಟದಲ್ಲಿ ಸೋಲಿಯಸ್ ಒಂದೇ ದೇಹತೂಕದ ಅಂದಾಜು 6ರಿಂದ 8 ಪಟ್ಟು ಬಲ ಹೊರುತ್ತದೆ. ನಡಿಗೆಯಲ್ಲಿ ಇದರ ಒಂದು ಪಾಲು ಮಾತ್ರ ಬೀಳುವುದರಿಂದ ಅರೆಬರೆ ಮಾಗಿದ ಸ್ನಾಯುವೂ ನೋವಿಲ್ಲದೆ ನಡೆಸಬಲ್ಲದು.

ನಿಮ್ಮ ಮೊದಲ ಎರಡು ವಾರದಲ್ಲಿ ಆದದ್ದು ಹೀಗಿರಬೇಕು. ಹರಿದ ಎಳೆಗಳ ನಡುವೆ ಮೊದಲ ಕೆಲವು ದಿನ ರಕ್ತ, ಉರಿಯೂತ. ಆಮೇಲೆ ಹೊಸ ನಾರು ಅಡ್ಡಾದಿಡ್ಡಿಯಾಗಿ ಹೆಣೆದುಕೊಳ್ಳುತ್ತದೆ. ಅದು ಎಳೆತದ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗಲು ತಿಂಗಳುಗಳೇ ಬೇಕು, ಅದೂ ಹಂತಹಂತವಾಗಿ ಭಾರ ಬಿದ್ದರೆ ಮಾತ್ರ. ನೋವು ಈ ಕೆಲಸ ಮುಗಿಯುವ ಎಷ್ಟೋ ಮೊದಲೇ ಹೋಗುತ್ತದೆ. ಇತ್ತ ಭಾರವೇ ಬೀಳದ ಒಂದು ತಿಂಗಳಲ್ಲಿ ಇಡೀ ಮೀನಖಂಡ ಸೊರಗುತ್ತದೆ. ಸೊರಗಿದ ಸೋಲಿಯಸ್ ಮೇಲೆ ಹತ್ತು ನಿಮಿಷದ ಜಾಗಿಂಗ್ ಎಂದರೆ ಒಂದು ಕಾಲಿಗೆ ಏಳೆಂಟು ನೂರು ಹೆಜ್ಜೆಯ ಹೊಡೆತ.

ಮೊದಲು ಇವನ್ನು ತಳ್ಳಿಹಾಕಿ

ಮೀನಖಂಡದ ನೋವೆಲ್ಲ ಸ್ನಾಯುವಿನದಲ್ಲ. ಒಂದೇ ಕಾಲು ಊದಿಕೊಂಡು ಬಿಸಿಯಾಗಿ, ಕೂತಾಗಲೂ ನೋಯುತ್ತಿದ್ದರೆ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಗಾಯವಾಗಿ ಹೆಚ್ಚು ದಿನ ಮಲಗಿದವರಲ್ಲಿ, ದೀರ್ಘ ಪ್ರಯಾಣ ಮಾಡಿದವರಲ್ಲಿ ಅದರ ಸಾಧ್ಯತೆ ಇನ್ನೂ ಹೆಚ್ಚು. ಅನುಮಾನವಿದ್ದರೆ ಆ ಕಾಲನ್ನು ತಿಕ್ಕಬೇಡಿ, ಅದೇ ದಿನ ವೈದ್ಯರನ್ನು ಕಾಣಿ. ಜೊತೆಗೆ ಉಸಿರು ಕಟ್ಟುವುದು, ಎದೆನೋವು ಬಂದರೆ ತುರ್ತು ಚಿಕಿತ್ಸಾ ಘಟಕಕ್ಕೇ ಹೋಗಬೇಕು. ಒದ್ದಂತಾದ ಮೇಲೆ ಒಂಟಿ ಕಾಲಲ್ಲಿ ತುದಿಗಾಲೇರಲು ಆಗುವುದೇ ಇಲ್ಲ, ಬೋರಲು ಮಲಗಿ ಮೀನಖಂಡ ಹಿಂಡಿದರೂ ಪಾದ ಅಲ್ಲಾಡುವುದಿಲ್ಲ ಎಂದಾದರೆ ಅಕಿಲಿಸ್ ರಜ್ಜು ತುಂಡಾಗಿರಬಹುದು. ಅದನ್ನು ವಾರಗಟ್ಟಲೆ ಬಿಡುವಂತಿಲ್ಲ. ಪೆಟ್ಟಾದ ಕೆಲವು ಗಂಟೆಗಳಲ್ಲಿ ನೋವು ಏರುತ್ತಲೇ ಹೋಗಿ, ಕಾಲು ಕಲ್ಲಿನಂತೆ ಬಿಗಿದು, ಪಾದ ಮರಗಟ್ಟಿದರೂ ತುರ್ತು ಚಿಕಿತ್ಸೆ ಬೇಕು. ನಿಮ್ಮ ವಿವರಣೆಯಲ್ಲಿ ಇವು ಯಾವುವೂ ಕಾಣುವುದಿಲ್ಲ. ಆದರೂ ಫಿಸಿಯೋ ಅಥವಾ ಕ್ರೀಡಾ ವೈದ್ಯರ ಕೈಯಲ್ಲಿ ಒಮ್ಮೆ ಮುಟ್ಟಿಸಿ ನೋಡಿಸಿಕೊಳ್ಳಿ.

ಇನ್ನು ನಿಮಗೆ ಬಂದ ಸಲಹೆಗಳು. ಸ್ನಾಯು ಹಿಡಿದುಕೊಳ್ಳುವ ನಿಜವಾದ ಸೆಳೆತ ಗಡ್ಡೆಕಟ್ಟಿದಂತೆ ಬಂದು ಕೆಲವು ನಿಮಿಷದಲ್ಲಿ ಬಿಡುತ್ತದೆ. ಮರುದಿನ ತುಸು ನೋವು ಉಳಿದರೂ ಒಂದು ನಿರ್ದಿಷ್ಟ ಜಾಗ ಒತ್ತಿದರೆ ನೋಯುವುದು, ತುದಿಗಾಲೇರಲು ಶಕ್ತಿ ಸಾಲದಿರುವುದು ಅದರಲ್ಲಿ ಇಲ್ಲ. ಪ್ರತಿ ಓಟದಲ್ಲೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಬರುವುದು ನೀರಿನ ಕೊರತೆಯಿಂದಲ್ಲ. ಒಆರ್‌ಎಸ್ ಕುಡಿದರೆ ತೊಂದರೆಯಿಲ್ಲ, ಆದರೆ ಅದರಿಂದ ಇದು ಸರಿಹೋಗುವುದಿಲ್ಲ.

ಸ್ಟ್ರೆಚಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಒಳ್ಳೆಯ ಉದ್ದೇಶದಿಂದ ಹೆಚ್ಚು ಹಾನಿ ಆಗುವುದು ಇಲ್ಲೇ. ಬಿಗಿ ಅನಿಸಿದ ಸ್ನಾಯುವೆಲ್ಲ ಗಿಡ್ಡವಾಗಿರುವುದಿಲ್ಲ. ದಣಿದ, ದುರ್ಬಲ ಸ್ನಾಯುವಿಗೂ ಹಾಗೇ ಅನಿಸುತ್ತದೆ. ಪರೀಕ್ಷಿಸುವುದು ಸುಲಭ. ಗೋಡೆಗೆ ಮುಖಮಾಡಿ ನಿಂತು, ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಗೋಡೆಗೆ ತಾಗಿಸಿ. ಮಂಡಿ ತಾಗುವಂತಿರುವಾಗಲೇ ಹೆಬ್ಬೆರಳನ್ನು ಗೋಡೆಯಿಂದ ಎಷ್ಟು ಹಿಂದೆ ಇಡಬಹುದೋ ಅಳೆಯಿರಿ. ಎರಡು ಕಾಲಿನ ನಡುವೆ ಒಂದು, ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ ವ್ಯತ್ಯಾಸವಿದ್ದರೆ ಉದ್ದದ ಕೊರತೆಯಿಲ್ಲ. ಆಗ ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಬಿಟ್ಟು ನಿಮಿಷಗಟ್ಟಲೆ ಎಳೆಯುವುದರಿಂದ ಹೊಸ ನಾರಿಗೆ ಕಿರಿಕಿರಿಯೇ ಹೊರತು ಬಲವಿಲ್ಲ.

ಮೊದಲ ಎರಡು ಮೂರು ದಿನ ಶಾಖ ಕೊಟ್ಟು ತಿಕ್ಕಿಸಿಕೊಂಡದ್ದು ಒಳಗಿನ ರಕ್ತಸ್ರಾವವನ್ನು ಹೆಚ್ಚಿಸಿರಬಹುದು. ಈಗ ಮೃದುವಾದ ಮಸಾಜ್‌ನಿಂದ ಹಾನಿಯಿಲ್ಲ. ತಾತ್ಕಾಲಿಕವಾಗಿ ಹಗುರವೆನಿಸುತ್ತದೆ, ಅಷ್ಟೇ.

ಇಂಜೆಕ್ಷನ್ ಎಂದರೆ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಸ್ಟಿರಾಯ್ಡ್ ನೋವನ್ನು ಅಡಗಿಸಿದರೂ ಮಾಗುತ್ತಿರುವ ಅಂಗಾಂಶವನ್ನು ದುರ್ಬಲಗೊಳಿಸುತ್ತದೆ. ಅಕಿಲಿಸ್ ರಜ್ಜುವಿನ ಹತ್ತಿರ ಬಿದ್ದರೆ ಅದು ಹರಿಯುವ ಅಪಾಯವೂ ಇದೆ. ನಿಮ್ಮದೇ ರಕ್ತದಿಂದ ತೆಗೆದು ಕೊಡುವ ಪಿಆರ್‌ಪಿಗೆ ಅಂಥ ಅಪಾಯ ಕಡಿಮೆ. ಆದರೆ ತೊಡೆಯ ಹಿಂಭಾಗದ ಸ್ನಾಯುಗಾಯಗಳ ಮೇಲೆ ನಡೆದ ಕಟ್ಟುನಿಟ್ಟಿನ ಪ್ರಯೋಗದಲ್ಲಿ ಅದು ಹುಸಿ ಇಂಜೆಕ್ಷನ್‌ಗಿಂತ ಬೇಗ ಆಟಕ್ಕೆ ಮರಳಿಸಲಿಲ್ಲ. ನಿಮ್ಮ ಸ್ಥಿತಿಯಲ್ಲಿ ನಾನು ಎರಡನ್ನೂ ಸೂಚಿಸುವುದಿಲ್ಲ. ನೋವಿನ ಮಾತ್ರೆ ನುಂಗಿ, ಟೇಪ್ ಸುತ್ತಿ ಆಡುವುದು ಇನ್ನೂ ಕೆಟ್ಟ ಆಯ್ಕೆ. ಯಾವಾಗ ನಿಲ್ಲಬೇಕೆಂದು ಹೇಳುವ ಒಂದೇ ಎಚ್ಚರಿಕೆಯನ್ನು ಅದು ಮುಚ್ಚಿಹಾಕುತ್ತದೆ.

ಎಂಆರ್‌ಐ ಕಡ್ಡಾಯವಲ್ಲ. ಮೇಲಿನ ಸ್ನಾಯು ಹರಿದದ್ದು ಅಲ್ಟ್ರಾಸೌಂಡ್‌ನಲ್ಲೇ ಚೆನ್ನಾಗಿ ಕಾಣುತ್ತದೆ. ಸೋಲಿಯಸ್‌ನದು ಅದರಲ್ಲಿ ತಪ್ಪಿಹೋಗಬಹುದು, ಎಂಆರ್‌ಐನಲ್ಲಿ ಸಿಗುತ್ತದೆ. ಸೋಲಿಯಸ್‌ನ ನಡುವೆ ಹಾಯುವ ರಜ್ಜುವಿನಂಥ ಪದರವೂ ಹರಿದಿದ್ದರೆ ಗುಣವಾಗಲು ಹೆಚ್ಚು ಸಮಯ ಬೇಕು. ಅದನ್ನು ತಿಳಿಯುವುದಕ್ಕೆ ಸ್ಕ್ಯಾನ್ ಉಪಯುಕ್ತ. ನನ್ನ ಅಭಿಪ್ರಾಯದಲ್ಲಿ, ಕೆಳಗಿನ ಕ್ರಮವನ್ನು ಮೂರು ನಾಲ್ಕು ವಾರ ಸರಿಯಾಗಿ ಮಾಡಿಯೂ ಬಿಗಿ ಕಡಿಮೆಯಾಗದಿದ್ದರೆ ಮಾಡಿಸಿ.

ಈಗ ಮಾಡಬೇಕಾದ್ದು

ಜಾಗಿಂಗ್ ಹತ್ತು ದಿನ ನಿಲ್ಲಿಸಿ. ದಮ್ಮು ಉಳಿಸಿಕೊಳ್ಳಲು ಸೈಕಲ್ ಹೊಡೆಯಿರಿ, ಪೆಡಲ್ ಪಾದದ ನಡುವಿಗೆ ಬರಲಿ. ನಡುವೆ ಒಂದು ಪರೀಕ್ಷೆ ಮಾಡಿ. ಬರಿಗಾಲಲ್ಲಿ ಗೋಡೆಗೆ ಬೆರಳ ತುದಿ ಮಾತ್ರ ತಾಗಿಸಿ, ಮಂಡಿ ನೇರವಿಟ್ಟು, ಒಂದು ಸೆಕೆಂಡಿಗೆ ಮೇಲೆ, ಒಂದು ಸೆಕೆಂಡಿಗೆ ಕೆಳಗೆ ಎಂದು ಒಂಟಿ ಕಾಲಲ್ಲಿ ತುದಿಗಾಲೇರಿ. ಮೊದಲು ಎಡಗಾಲು, ಆಮೇಲೆ ಬಲಗಾಲು. ಹಿಮ್ಮಡಿ ಮೊದಲ ಸಲದಷ್ಟು ಎತ್ತರಕ್ಕೆ ಏರದಿದ್ದರೆ, ಮಂಡಿ ಮಡಚಿಕೊಂಡರೆ, ಭಾರ ಕಿರುಬೆರಳ ಕಡೆ ವಾಲಿದರೆ ಎಣಿಕೆ ಅಲ್ಲಿಗೆ ನಿಲ್ಲಬೇಕು. ಇಲ್ಲಿ ಅನೇಕರು ತಮಗೆ ತಾವೇ ರಿಯಾಯಿತಿ ಕೊಟ್ಟುಕೊಳ್ಳುತ್ತಾರೆ, ಆದ್ದರಿಂದ ಪಕ್ಕದಿಂದ ವೀಡಿಯೊ ಮಾಡಿಸಿ. ಫುಟ್‌ಬಾಲ್ ಆಡುವವರಿಗೆ 25ರಿಂದ 30 ಸಲ ಬೇಕು, ಎರಡು ಕಾಲಿನ ವ್ಯತ್ಯಾಸ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಇರಬೇಕು. ಇದನ್ನೇ ಮಂಡಿ ಅರ್ಧ ಮಡಚಿಯೂ ಮಾಡಿ ನೋಡಿ. ಮಂಡಿ ಮಡಚಿದಾಗ ಮೇಲಿನ ಸ್ನಾಯು ಸಡಿಲಗೊಂಡು ಹೆಚ್ಚಿನ ಕೆಲಸ ಸೋಲಿಯಸ್‌ಗೆ ಬೀಳುತ್ತದೆ. ನೇರ ಮಂಡಿಯಲ್ಲಿ ಚೆನ್ನಾಗಿ ಮಾಡಿ ಮಡಚಿದ ಮಂಡಿಯಲ್ಲಿ ಸೋತರೆ ನನ್ನ ಊಹೆ ಸರಿ.

ವ್ಯಾಯಾಮ ಎರಡು ಬಗೆ, ದಿನ ಬಿಟ್ಟು ದಿನ. ಒಂದು, ಕುಳಿತು ಮಾಡುವುದು. ಮಂಡಿ ಲಂಬವಾಗಿ ಮಡಚಿ ಕುಳಿತು, ಪಾದದ ಮುಂಭಾಗವನ್ನು ಸುಮಾರು 5 ಸೆಂಟಿಮೀಟರ್ ದಪ್ಪದ ಹಲಗೆ ಮೇಲಿಟ್ಟು, ತೊಡೆಯ ಮೇಲೆ ಮಂಡಿಯ ಹತ್ತಿರ ತೂಕ ಹೇರಿ. ಮೂರು ಸೆಕೆಂಡಿಗೆ ಹಿಮ್ಮಡಿ ಎತ್ತಿ, ಮೇಲೆ ಒಂದು ಕ್ಷಣ ನಿಂತು, ಮೂರು ಸೆಕೆಂಡಿಗೆ ಇಳಿಸಿ. 8ರಿಂದ 10 ಸಲ, ನಾಲ್ಕು ಸರದಿ. ಎರಡು ಕಾಲಲ್ಲಿ ಶುರು ಮಾಡಿ ಒಂದು ಕಾಲಿಗೆ ಬನ್ನಿ. ಹಗುರ ತೂಕದಲ್ಲಿ ಐವತ್ತು ಸಲ ಮಾಡುವುದರಿಂದ ಸೋಲಿಯಸ್ ಬಲಿಯುವುದಿಲ್ಲ, ಅದಕ್ಕೆ ನಿಜವಾದ ಭಾರ ಬೇಕು. ವಾರ ವಾರ ಏರಿಸುತ್ತಾ ಒಂದು ಕಾಲಲ್ಲಿ ನಿಮ್ಮ ದೇಹತೂಕದ ಹತ್ತಿರಕ್ಕೆ ತಲುಪುವ ಗುರಿಯಿರಲಿ. ಜಿಮ್ಮಿನಲ್ಲಿ ಸ್ಮಿತ್ ಯಂತ್ರವೋ (ತೂಕದ ಸರಳು ಕಂಬಗಳ ನಡುವೆ ನೇರವಾಗಿ ಮೇಲೆ ಕೆಳಗೆ ಸರಿಯುವಂಥದ್ದು) ಕುಳಿತು ಮಾಡುವ ಕಾಫ್ ಯಂತ್ರವೋ ಇದ್ದರೆ ಇದು ಸುಲಭ. ಇನ್ನೊಂದು, ನಿಂತು ನೇರ ಮಂಡಿಯಲ್ಲಿ. ಮೊದಲು ಎರಡು ಕಾಲು, ಆಮೇಲೆ ಎರಡು ಕಾಲಲ್ಲಿ ಏರಿ ಒಂದರಲ್ಲಿ ಇಳಿಯುವುದು, ಆಮೇಲೆ ಒಂದೇ ಕಾಲು, ಕೊನೆಗೆ ಬೆನ್ನಿಗೆ ಚೀಲ ಹಾಕಿ 5 ಕಿಲೋ ಲೆಕ್ಕದಲ್ಲಿ ಏರಿಕೆ. 10ರಿಂದ 12 ಸಲ, ಮೂರು ಸರದಿ ಸಾಕು.

ಎಷ್ಟು ನೋವು ತಡೆದುಕೊಳ್ಳಬಹುದು? ಹತ್ತಕ್ಕೆ ಎರಡು ಮೂರರಷ್ಟು, ವ್ಯಾಯಾಮದ ಹೊತ್ತಿಗೆ ಮಾತ್ರ. ತೀರ್ಪು ಕೊಡುವುದು ಮರುದಿನದ ಬೆಳಗು. ಹಾಸಿಗೆಯಿಂದೆದ್ದು ಹಾಕುವ ಮೊದಲ ಹೆಜ್ಜೆಗಳು ಹಿಂದಿನ ದಿನಕ್ಕಿಂತ ಬಿಗಿಯಾಗಿದ್ದರೆ ಮುಂದಿನ ಸಲದ ವ್ಯಾಯಾಮದಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಬೇಡಿ. ಆದರೆ ಚುಚ್ಚಿದಂಥ, ಒಂದೇ ಬಿಂದುವಿನ ನೋವು ಬಂದರೆ ಆ ಕ್ಷಣವೇ ನಿಲ್ಲಿಸಬೇಕು.

ಮೂರನೇ ವಾರದ ಸುಮಾರಿಗೆ, ಒಂಟಿ ಕಾಲ ಎಣಿಕೆ 20 ದಾಟಿದ ಮೇಲೆ, ಕುಪ್ಪಳಿಸುವುದನ್ನು ಸೇರಿಸಿ. ಈ ಹಂತವನ್ನು ಬಿಟ್ಟು ನೇರ ಓಟಕ್ಕೆ ಹೋಗುವವರೇ ಹೆಚ್ಚು. ನಿಧಾನವಾಗಿ ಭಾರ ಎತ್ತುವ ಶಕ್ತಿ ಬೇರೆ, ಕ್ಷಣಾರ್ಧದಲ್ಲಿ ಹಿಗ್ಗಿ ಪುಟಿಯುವ ಶಕ್ತಿ ಬೇರೆ. ಎರಡು ಕಾಲಲ್ಲಿ ನಿಂತಲ್ಲೇ ಸಣ್ಣ ಜಿಗಿತ 20ರಂತೆ ಮೂರು ಸಲ, ಹಗ್ಗದಾಟ, ಆಮೇಲೆ ಒಂಟಿ ಕಾಲಲ್ಲಿ 10ರಂತೆ ಮೂರು ಸಲ, ಕೊನೆಗೆ ಮುಂದಕ್ಕೆ ಮತ್ತು ಪಕ್ಕಕ್ಕೆ. ಹಿಮ್ಮಡಿ ನೆಲಕ್ಕೆ ಬಡಿದರೆ ಸ್ನಾಯು ದಣಿದಿದೆ ಎಂದರ್ಥ, ಅಲ್ಲಿಗೆ ಮುಗಿಸಿ.

ಓಟ, ಬೂಟು, ಪಂದ್ಯ

ಅರ್ಧ ಗಂಟೆಯ ಚುರುಕು ನಡಿಗೆ, ಒಂಟಿ ಕಾಲ ಕುಪ್ಪಳಿಕೆ ಎರಡೂ ನೋವಿಲ್ಲದೆ ಆದಾಗ ಓಟ ಶುರುವಾಗಲಿ. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಎಂಟು ಸಲ, ದಿನ ಬಿಟ್ಟು ದಿನ. ನಿಧಾನ ಓಟವೆಂದರೆ ಸುರಕ್ಷಿತ, ವೇಗವೆಂದರೆ ಅಪಾಯ ಎಂಬ ಲೆಕ್ಕ ತೊಡೆಯ ಹಿಂಭಾಗದ ಸ್ನಾಯುವಿಗೆ ಹೊಂದುತ್ತದೆ, ಮೀನಖಂಡಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಸೆಕೆಂಡಿಗೆ ಸುಮಾರು 7 ಮೀಟರ್ ವೇಗದವರೆಗೆ ನಮ್ಮನ್ನು ಮುಂದೆ ತಳ್ಳುವ ಕೆಲಸ ಬಹುಪಾಲು ಮೀನಖಂಡದ್ದು. ಅದಕ್ಕಿಂತ ಹೆಚ್ಚಿನ ವೇಗಕ್ಕೆ ಸೊಂಟದ ಸ್ನಾಯುಗಳು ಹೆಚ್ಚು ದುಡಿಯುತ್ತವೆ. ಕಾಲೆಳೆದುಕೊಂಡು ಮಾಡುವ ಉದ್ದನೆಯ ಜಾಗಿಂಗ್ ಸೋಲಿಯಸ್‌ಗೆ ಹೊರೆಯೇ. ಆದ್ದರಿಂದ ಚಿಕ್ಕ ಹೆಜ್ಜೆಯ, ತುಸು ಚುರುಕಾದ, ನಡುನಡುವೆ ನಿಲ್ಲಿಸುವ ಓಟವೇ ನಿಮಗೆ ಒಳ್ಳೆಯದು. ಇಪ್ಪತ್ತು ನಿಮಿಷ ಬಿಡದೆ ಓಡಿ ಮರುದಿನ ಬೆಳಿಗ್ಗೆ ಹಗುರವಾಗಿದ್ದರೆ 60 ಮೀಟರಿನ ಓಟಗಳನ್ನು ಪೂರ್ತಿ ವೇಗದ ನೂರಕ್ಕೆ 70ರಿಂದ 80, 90 ಎಂದು ಏರಿಸಿ.

ಎಲ್ಲಕ್ಕಿಂತ ಕೊನೆಗೆ ಸೇರಿಸಬೇಕಾದದ್ದು ನಿಂತಲ್ಲಿಂದ ಥಟ್ಟನೆ ಓಟ ಕೀಳುವುದನ್ನು. ನಿಮ್ಮ ಮೊದಲ ಗಾಯ ಆದದ್ದೇ ಅದರಲ್ಲಿ. ಮೊದಲು ನಡೆಯುತ್ತಾ ವೇಗ ಹಿಡಿಯಿರಿ, ಆಮೇಲೆ ನಿಂತು, ಆಮೇಲೆ ತಿರುಗಿ, ಕಡೆಗೆ ಎದುರಾಳಿಯ ಚಲನೆಗೆ ಪ್ರತಿಕ್ರಿಯೆಯಾಗಿ. ಹಿಮ್ಮುಖ ಓಟ, ಹೆಡಿಂಗ್‌ಗೆ ಜಿಗಿಯುವುದು, ಓಟದಿಂದ ಸರ್ರನೆ ನಿಲ್ಲುವುದು ಎಲ್ಲವನ್ನೂ ಪಂದ್ಯಕ್ಕೆ ಮುಂಚೆ ಅಭ್ಯಾಸದಲ್ಲಿ ಮಾಡಿರಬೇಕು.

ಫುಟ್‌ಬಾಲ್ ಬೂಟಿನ ಹಿಮ್ಮಡಿ ಸಾಮಾನ್ಯವಾಗಿ ಓಟದ ಶೂಗಿಂತ ತಗ್ಗು. ಹಾಗಾಗಿ ಅದೇ ಓಟಕ್ಕೆ ಮೀನಖಂಡ ಹೆಚ್ಚು ಹಿಗ್ಗುತ್ತದೆ. ಶೂನಲ್ಲಿ ಸಲೀಸಾಗಿ ಓಡಿದವರು ಬೂಟು ಕಟ್ಟಿದ ಮೊದಲ ದಿನವೇ ಬಿಗಿ ಅನ್ನುವುದು ಇದಕ್ಕೇ. ಮೊದಲ ವಾರಗಳಲ್ಲಿ ಎರಡೂ ಬೂಟಿನಲ್ಲಿ ಹಿಮ್ಮಡಿಯಡಿ 5, 6 ಮಿಲಿಮೀಟರಿನ ಗಟ್ಟಿ ಪ್ಯಾಡ್ ಇಡಿ. ಅಭ್ಯಾಸದ ಮೊದಲ ಇಪ್ಪತ್ತು ನಿಮಿಷ ಮಾತ್ರ ಬೂಟು, ಉಳಿದದ್ದು ಶೂ. ಗಟ್ಟಿ ನೆಲವಾದರೆ ಉದ್ದನೆಯ ಸ್ಟಡ್ ಬೇಡ.

ತಂಡದೊಂದಿಗೆ ನಾಲ್ಕೈದು ಪೂರ್ಣ ಅಭ್ಯಾಸಗಳು ಮುಗಿದ ಮೇಲೆ ಪಂದ್ಯ, ಅದೂ ಮೊದಲು ಕೊನೆಯ 20, 30 ನಿಮಿಷ. ಬದಲಿ ಆಟಗಾರನಾಗಿ ಇಳಿಯುವುದಕ್ಕೂ ತನ್ನದೇ ಅಪಾಯವಿದೆ. ಮುಕ್ಕಾಲು ಗಂಟೆ ಬೆಂಚಿನಲ್ಲಿ ಕೂತು ತಣ್ಣಗಾದ ಕಾಲು ನೇರ ಸ್ಪ್ರಿಂಟ್‌ಗೆ ಇಳಿಯಬಾರದು. ಗೆರೆಯಾಚೆ ಹತ್ತು ನಿಮಿಷ ಓಡಿ, ಎರಡು ಮೂರು ಸಲ ಪೂರ್ತಿ ವೇಗ ಹಿಡಿದು ಒಳಗೆ ಹೋಗಿ.

ಎಷ್ಟು ವಾರ? ಸಾಮಾನ್ಯವಾಗಿ ಸ್ವಲ್ಪವೇ ಹರಿದಿದ್ದರೆ ಎರಡು ಮೂರು ವಾರ, ಮಧ್ಯಮವಾಗಿ ಹರಿದಿದ್ದರೆ ನಾಲ್ಕರಿಂದ ಎಂಟು, ಪೂರ್ತಿ ಹರಿದರೆ ಮೂರು ತಿಂಗಳು ಅಥವಾ ಹೆಚ್ಚು. ಶಸ್ತ್ರಚಿಕಿತ್ಸೆ ಬೇಕಾಗುವುದು ಅಪರೂಪ. ನಿಮಗೆ ಇವತ್ತಿನಿಂದ ಆರರಿಂದ ಎಂಟು ವಾರ ಎಂದು ಇಟ್ಟುಕೊಳ್ಳಿ. ಆದರೆ ತಾರೀಖು ನೋಡಿ ಹಂತ ದಾಟಬೇಡಿ, ಪರೀಕ್ಷೆಯಲ್ಲಿ ಗೆದ್ದು ದಾಟಿ. ವಯಸ್ಸು ಮತ್ತು ಹಿಂದಿನ ಗಾಯ ಇವೆರಡೂ ಅಪಾಯವನ್ನು ಹೆಚ್ಚಿಸುವುದು ನಿಜ, ಮರಳಿದ ಮೊದಲ ಕೆಲವು ತಿಂಗಳಲ್ಲಿ ಇನ್ನೂ ಹೆಚ್ಚು. ಆದರೆ 34 ಎಂಬುದು ಆಟ ಬಿಡಬೇಕಾದ ಕಾರಣವಲ್ಲ. ಋತು ಪೂರ್ತಿ ವಾರಕ್ಕೆರಡು ಸಲ ಆ ಎರಡು ವ್ಯಾಯಾಮಗಳನ್ನು ಭಾರದೊಂದಿಗೆ ಉಳಿಸಿಕೊಳ್ಳಿ. ಫುಟ್‌ಬಾಲ್ ಗಾಯಗಳನ್ನು ತಡೆಯಲು ರೂಪಿಸಿದ ಫಿಫಾ 11+ ವಾರ್ಮ್ ಅಪ್‌ನಲ್ಲಿ ಸ್ಕ್ವಾಟ್ ಜೊತೆ ತುದಿಗಾಲೇರುವ ವ್ಯಾಯಾಮವಿದೆ. ತಂಡಕ್ಕೆ ಒಳ್ಳೆಯದು, ನಿಮ್ಮ ಕಾಲಿಗೆ ಅಷ್ಟು ಸಾಲದು.

ಆಟದ ನಡುವೆ ಮತ್ತೆ ಸೆಳೆದರೆ "ಓಡಿ ಸಡಿಲ ಮಾಡಿಕೊಳ್ಳುತ್ತೇನೆ" ಎನ್ನದೆ ಹೊರಬನ್ನಿ. ಪಾದದಿಂದ ಮಂಡಿಯ ಕೆಳಗಿನವರೆಗೆ ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿ, ಕಾಲು ಎದೆಮಟ್ಟಕ್ಕಿಂತ ಮೇಲಿಟ್ಟು ಮಲಗಿ. ಬೆರಳು ತಣ್ಣಗಾದರೆ, ಜುಮುಗುಟ್ಟಿದರೆ ಸುತ್ತು ಸಡಿಲಿಸಿ. ನೋವಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ 10ರಿಂದ 15 ನಿಮಿಷ, ಎರಡು ಮೂರು ಗಂಟೆಗೊಮ್ಮೆ. ಮಾತ್ರೆ ಬೇಕೇ ಆದರೆ ಮೊದಲ ಎರಡು ದಿನ ಐಬುಪ್ರೊಫೆನ್‌ಗಿಂತ ಪ್ಯಾರಸಿಟಮಾಲ್ ಮೇಲು. ಶಾಖ, ಮದ್ಯ, ತಿಕ್ಕುವುದು ಮೂರು ದಿನ ದೂರ. ಕುಂಟುತ್ತಿದ್ದರೆ ಎರಡೂ ಶೂನಲ್ಲಿ ಒಂದು ಸೆಂಟಿಮೀಟರಿನ ಹಿಮ್ಮಡಿ ಪ್ಯಾಡ್ ಹಾಕಿ. ಮೂರನೆಯ ದಿನದಿಂದ ಕುಳಿತಲ್ಲೇ, ತೂಕವಿಲ್ಲದೆ, ನೋವಿಲ್ಲದಷ್ಟು ಹಿಮ್ಮಡಿ ಎತ್ತುವುದನ್ನು ಶುರು ಮಾಡಿ.